ಜಪಾನಿನ ಕಿಸೊ ಕಣಿವೆಗೆ ನಾಲ್ಕು ದಿನ: ಎಲ್ಲಿ ಉಳಿಯೋದು, ಯಾವ ಕಡೆಯಿಂದ ನಡೆಯೋದು?

ದೂರದಾರಿ
ಎಲ್ಲರಿಗೂ ನಮಸ್ಕಾರ. ನವೆಂಬರ್ ಮೊದಲ ವಾರ ನಗೋಯಾದಿಂದ ಹೊರಟು ನಾಗಾನೊ ಪ್ರಾಂತ್ಯದ ಕಿಸೊ ಕಣಿವೆ ನೋಡಬೇಕು ಅಂತಿದೆ. ನಾಲ್ಕು ಜನ, ಅದರಲ್ಲಿ ಇಬ್ಬರಿಗೆ ಅರವತ್ತು ದಾಟಿದೆ. ದಿನಕ್ಕೆ ಏಳೆಂಟು ಕಿಲೋಮೀಟರ್ ನಡೀತಾರೆ, ಕಡಿದಾದ ಏರು ಮಾತ್ರ ಬೇಡ. ಇಬ್ಬರು ಮೀನು, ಮೊಟ್ಟೆ ಯಾವುದೂ ಮುಟ್ಟದ ಸಸ್ಯಾಹಾರಿಗಳು. ಕಾರು ಇಲ್ಲ.

ಎಲ್ಲಿ ಓದಿದರೂ ಹಳೇ ಹೆದ್ದಾರಿ ಗುಂಟ ಮಾಗೊಮೆ ಊರಿಂದ ತ್ಸುಮಾಗೊ ಊರಿಗೆ ನಡೀರಿ ಅನ್ನೋದು ಬಿಟ್ಟರೆ ಬೇರೆ ಮಾತೇ ಇಲ್ಲ. ಅಷ್ಟೇನಾ ಅಲ್ಲಿರೋದು? ಎರಡನೇದು, ಯಾವ ಊರಿಂದ ಯಾವ ಊರಿಗೆ ನಡೆದರೆ ಸುಲಭ? ಮೂರನೇದು, ಎಲ್ಲಿ ಉಳಿಯೋದು ಒಳ್ಳೇದು?

ರೈಲುಪ್ರಿಯ
ನೋಡೋ ಜಾಗಗಳ ಪಟ್ಟಿ ಆಮೇಲೆ, ಮೊದಲು ರೈಲಿನ ವೇಳಾಪಟ್ಟಿ ಮುಂದಿಟ್ಕೊಳ್ಳಿ. ಕಣಿವೆ ಉದ್ದಕ್ಕೂ ಹೋಗೋದು ಚೂಓ ಸಾಲಿನ ಪಶ್ಚಿಮ ಭಾಗ. ನಕತ್ಸುಗಾವಾ ಮತ್ತು ಶಿಯೊಜಿರಿ ನಡುವೆ ಲೋಕಲ್ ಗಾಡಿ ಗಂಟೆಗೊಂದು, ಕೆಲವು ಹೊತ್ತಲ್ಲಿ ಎರಡು ಗಂಟೆಗೊಂದು. ಒಂದು ತಪ್ಪಿದರೆ ಆ ದಿನದ ಎರಡು ಜಾಗದಲ್ಲಿ ಒಂದು ಕೈಬಿಟ್ಟ ಹಾಗೆ.

ಶಿನಾನೊ ಅನ್ನೋ ಎಕ್ಸ್‌ಪ್ರೆಸ್ ನಗೋಯಾದಿಂದ ನಕತ್ಸುಗಾವಾಗೆ ಸುಮಾರು 50 ನಿಮಿಷದಲ್ಲಿ ತಲುಪಿಸುತ್ತೆ. ಅದು ನಕತ್ಸುಗಾವಾ, ಕಿಸೊ-ಫುಕುಶಿಮಾದಲ್ಲಿ ನಿಲ್ಲುತ್ತೆ. ನಾಗಿಸೊ, ಅಗೆಮತ್ಸು ಥರದ ಸಣ್ಣ ನಿಲ್ದಾಣಗಳಲ್ಲಿ ನಿಲ್ಲೋದು ಬೆರಳೆಣಿಕೆ ಗಾಡಿ ಮಾತ್ರ, ಆದ್ದರಿಂದ ‘ಶಿನಾನೊ ಹತ್ತಿದೆ, ನಾಗಿಸೊದಲ್ಲಿ ಇಳೀತೀನಿ’ ಅಂತ ಕಣ್ಣು ಮುಚ್ಚಿ ಕೂರಬೇಡಿ. ಇನ್ನೊಂದು, ಅದು ತಿರುವಿನಲ್ಲಿ ಒಂದು ಬದಿಗೆ ವಾಲುವ ಗಾಡಿ. ಕಣಿವೆ ಪೂರ್ತಿ ತಿರುವೇ. ವಾಂತಿ ಬರೋ ಅಭ್ಯಾಸ ಇದ್ದವರು ಗಾಡಿಯಲ್ಲಿ ಕೂತು ಫೋನ್ ನೋಡದೆ ಇರೋದು ಒಳ್ಳೇದು.

ಲೋಕಲ್ ಗಾಡಿ ಎರಡು ಬೋಗಿಯದ್ದು, ಚಾಲಕ ಒಬ್ಬನೇ. ಸಿಬ್ಬಂದಿ ಇಲ್ಲದ ನಿಲ್ದಾಣದಲ್ಲಿ ಮುಂದಿನ ಬೋಗಿಯ ಬಾಗಿಲು ಮಾತ್ರ ತೆಗೆಯುತ್ತೆ, ಹಿಂದೆ ಕೂತವರು ಮೊದಲೇ ಎದ್ದು ಮುಂದೆ ಬರಬೇಕು. ಬಾಗಿಲು ತಾನಾಗಿ ತೆಗೆಯುತ್ತೆ ಅಂತ ಕಾದು ಊರು ದಾಟಿ ಹೋಗೋ ಪ್ರವಾಸಿಗರು ಬಹಳ.

ನಕ್ಷೆಗಾರ
ಕಾರ್ಡ್ ವಿಷಯ ಸೇರಿಸ್ತೀನಿ. ಟೋಕಿಯೊ ಕಡೆ ಸುಯಿಕಾ ಅನ್ನೋ ರೈಲು ಕಾರ್ಡ್ ಒತ್ತಿ ಒಳಗೆ ಹೋಗಿ, ಕಿಸೊದಲ್ಲಿ ಅದನ್ನೇ ಒತ್ತಿ ಹೊರಗೆ ಬರೋಕೆ ಆಗಲ್ಲ. ಶಿಯೊಜಿರಿ ಹತ್ತಿರ ಪೂರ್ವ ಜೆಆರ್ ರೈಲು ಕಂಪನಿಯ ಸಾಲು ಮುಗಿದು ಮಧ್ಯ ಜೆಆರ್ ಕಂಪನಿಯದು ಶುರುವಾಗುತ್ತೆ, ಗಡಿ ದಾಟಿದ ಪ್ರಯಾಣಕ್ಕೆ ಕಾರ್ಡ್ ಲೆಕ್ಕ ಹಾಕಲ್ಲ. ಹತ್ತೋ ಕಡೆಯೇ ಕಾಗದದ ಟಿಕೆಟ್ ತಗೊಳ್ಳಿ. ಹಳ್ಳಿ ಬಸ್ಸು, ಸಣ್ಣ ಅಂಗಡಿ, ಮನೆ ಥರದ ವಸತಿ ಎಲ್ಲಕ್ಕೂ ನಗದು ಬೇಕು, ನಕತ್ಸುಗಾವಾದಲ್ಲೇ ತೆಗೆದಿಟ್ಕೊಳ್ಳಿ.

ಚಾರಣಿಗ
ಎರಡನೇ ಪ್ರಶ್ನೆಗೆ ನೇರ ಉತ್ತರ: ಮಾಗೊಮೆಯಿಂದ ತ್ಸುಮಾಗೊಗೆ. ಮಾಗೊಮೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ತ್ಸುಮಾಗೊ ಸುಮಾರು 420. ನಡುವಿನ ಘಟ್ಟದ ತುದಿ 801 ಮೀಟರ್. ಮಾಗೊಮೆಯಿಂದ ಹೊರಟರೆ 200 ಮೀಟರ್ ಏರು, ಆಮೇಲೆಲ್ಲ ಇಳಿಜಾರು. ತಿರುಗಿಸಿ ನಡೆದರೆ ಏರು ಹೆಚ್ಚುಕಮ್ಮಿ ಎರಡರಷ್ಟು. ಒಟ್ಟು 8 ಕಿಲೋಮೀಟರ್. ನಿಂತು ನೋಡ್ತಾ ನಡೆದರೆ ಮೂರು ಗಂಟೆ ಇಟ್ಕೊಳ್ಳಿ.

ನಕ್ಷೆಗಾರ
801 ಅನ್ನೋದು ಘಟ್ಟದ ಮೇಲಿನ ಹಳೇ ಫಲಕದ ಲೆಕ್ಕ. ಈಗಿನ ನಕ್ಷೆಯಲ್ಲಿ 790. ನಡೆಯೋ ಕಾಲಿಗೆ ವ್ಯತ್ಯಾಸ ಗೊತ್ತಾಗಲ್ಲ ಬಿಡಿ, ಆದರೆ ಫೋನಿನ ಎತ್ತರ ನೋಡಿ ‘ಇನ್ನೂ ಬಂದಿಲ್ಲ’ ಅಂತ ಗೊಂದಲ ಬೇಡ.

ಹಳೇಮನೆ
ಚಾರಣಿಗ ಅವರೇ, ಏರು ಕಮ್ಮಿ ಅನ್ನೋದು ಸರಿ. ಆದರೆ ಅರವತ್ತು ದಾಟಿದವರಿಗೆ ಮಂಡಿ ನೋವು ಬರೋದು ಇಳಿಯುವಾಗ. ಘಟ್ಟದಿಂದ ತ್ಸುಮಾಗೊ ಕಡೆ ಸುಮಾರು 370 ಮೀಟರ್ ಇಳಿಬೇಕು, ಅಲ್ಲಲ್ಲಿ ಹಾಸುಗಲ್ಲಿನ ಹಳೇ ದಾರಿ. ನವೆಂಬರ್‌ನಲ್ಲಿ ಕಲ್ಲಿನ ಮೇಲೆ ಒದ್ದೆ ಎಲೆ ಬಿದ್ದಿರುತ್ತೆ, ಸಾಬೂನಿನ ಮೇಲೆ ಕಾಲಿಟ್ಟ ಹಾಗೆ. ಹಿರಿಯರಿಗೆ ತ್ಸುಮಾಗೊಯಿಂದ ಹೊರಡೋದೇ ವಾಸಿ ಅಂತ ನನ್ನ ವಾದ.

ಚಾರಣಿಗ
ಒಪ್ಪೋಕಾಗಲ್ಲ. ಆ ಇಳಿಜಾರು ಐದಾರು ಕಿಲೋಮೀಟರಿಗೆ ಹರಡಿಕೊಂಡಿದೆ, ಒಂದೇ ಸಲ ಜಾರೋ ಗುಡ್ಡ ಅಲ್ಲ. ಕಲ್ಲು ಹಾಸಿರೋ ಭಾಗ ಚಿಕ್ಕದು, ಉಳಿದದ್ದು ಮಣ್ಣು ದಾರಿ, ಹಳ್ಳಿ ರಸ್ತೆ. ಕೈಗೊಂದು ಊರುಗೋಲು, ಅಡಿ ಹಿಡಿಯೋ ಬೂಟು ಇದ್ದರೆ ಸಾಕು.

ದಾರಿ ಹೀಗೆ ಸಾಗುತ್ತೆ. ಮಾಗೊಮೆ ಬೀದಿಯೇ ಏರು. ಅದರ ಮೇಲ್ತುದಿಯಲ್ಲಿ ಬಯಲು ಸಿಗುತ್ತೆ, ಅಲ್ಲಿಂದ 2191 ಮೀಟರಿನ ಎನಾ ಬೆಟ್ಟ ಪೂರ್ತಿ ಕಾಣುತ್ತೆ. ಆಮೇಲೆ ವಾಹನ ಹೋಗೋ ರಸ್ತೆಯನ್ನ ಆಗಾಗ ಅಡ್ಡ ದಾಟ್ತಾ ತೋಗೆ ಅನ್ನೋ ಹಳ್ಳಿ, ಅದರ ಮೇಲೆ ಘಟ್ಟ. ಅಲ್ಲಿಂದ ಕಾಡೊಳಗೆ ಇಳಿದರೆ ಇಚಿಕೊಕುತೊಚಿ ಚಹಾ ಮನೆ. ಇನ್ನೂ ಕೆಳಗೆ ಗಂಡು ಜಲಪಾತ, ಹೆಣ್ಣು ಜಲಪಾತ ಅಂತ ಎರಡು ಪಕ್ಕಪಕ್ಕ, ಜಪಾನಿಯಲ್ಲಿ ಒದಾಕಿ, ಮೆದಾಕಿ. ಕೊನೆಗೆ ಒತ್ಸುಮಾಗೊ, ತ್ಸುಮಾಗೊ.

ಏರು ಬೇಡವೇ ಬೇಡ ಅಂದರೆ ಮಾಗೊಮೆ–ನಾಗಿಸೊ ಬಸ್ಸಲ್ಲಿ ಘಟ್ಟದ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಇಳಿದುಕೊಂಡು ನಡೀಬಹುದು. ಬಸ್ಸು ದಿನಕ್ಕೆ ಕೆಲವೇ, ಸಮಯ ನೋಡಿಟ್ಕೊಳ್ಳಿ.

ದೂರದಾರಿ
ಘಟ್ಟದವರೆಗೆ ಬಸ್ಸು! ಇದು ಎಲ್ಲೂ ಓದಿರಲಿಲ್ಲ. ಸಾಮಾನು ಏನು ಮಾಡೋದು?

ಚಾರಣಿಗ
ಮಾಗೊಮೆ, ತ್ಸುಮಾಗೊ ಎರಡೂ ಕಡೆ ಪ್ರವಾಸಿ ಮಾಹಿತಿ ಕಚೇರಿ ಇದೆ. ಬೆಳಿಗ್ಗೆ 11:30ರೊಳಗೆ ಒಂದು ಕಡೆ ಕೊಟ್ಟರೆ ಮಧ್ಯಾಹ್ನ 1ರಿಂದ ಸಂಜೆ 5ರೊಳಗೆ ಇನ್ನೊಂದು ಕಡೆ ತಗೋಬಹುದು. ಚಳಿಗಾಲದಲ್ಲಿ ಇರಲ್ಲ, ನವೆಂಬರ್‌ನಲ್ಲಿ ಸಿಗುತ್ತೆ. 11:30 ದಾಟಿದರೆ ಪೆಟ್ಟಿಗೆ ಎಳ್ಕೊಂಡೇ ನಡೀಬೇಕು, ಹಾಸುಗಲ್ಲಿನ ಮೇಲೆ ಅದರ ಚಕ್ರ ಉಳಿಯಲ್ಲ. ದೊಡ್ಡ ಪೆಟ್ಟಿಗೆಯನ್ನ ನಗೋಯಾದ ಹೋಟೆಲಿನಿಂದಲೇ ಸಾಮಾನು ಸಾಗಿಸೋ ಸೇವೆಯಾದ ತಕ್ಯೂಬಿನ್‌ನಲ್ಲಿ ಮುಂದಿನ ಊರಿಗೆ ಕಳಿಸಿಬಿಟ್ಟರೆ ಇನ್ನೂ ನಿರಾಳ. ಸಾಮಾನ್ಯವಾಗಿ ಮರುದಿನ ತಲುಪುತ್ತೆ.

ಮಂಜಿನಹನಿ
ಕರಡಿ ಇದೆಯಂತಲ್ಲ?

ಚಾರಣಿಗ
ಇದೆ, ಎದೆ ಮೇಲೆ ಬಿಳಿ ಗೆರೆ ಇರೋ ಕಪ್ಪು ಕರಡಿ. ದಾರಿಯಲ್ಲಿ ಅಲ್ಲಲ್ಲಿ ಕಂಬಕ್ಕೆ ಗಂಟೆ ಕಟ್ಟಿದ್ದಾರೆ. ಅದು ಫೋಟೊ ತೆಗೆಯೋಕಲ್ಲ, ನಿಜವಾಗಿ ಬಾರಿಸಬೇಕು. ಮನುಷ್ಯ ಬರ್ತಿದ್ದಾನೆ ಅಂತ ದೂರದಲ್ಲೇ ಗೊತ್ತಾದರೆ ಅದು ತಾನೇ ಸರಿದುಹೋಗುತ್ತೆ. ಹತ್ತಿರಕ್ಕೆ ಬಂದ ಮೇಲೆ ಗೊತ್ತಾದಾಗಲೇ ಅಪಾಯ. ನೀರಿನ ಸದ್ದು ಜೋರಾಗಿರೋ ಕಡೆ, ತಿರುವಿನ ಹತ್ತಿರ ಮಾತಾಡ್ತಾ ನಡೀರಿ. ಎದುರಾದರೆ ಓಡಬಾರದು, ಬೆನ್ನು ತೋರಿಸದೆ ನಿಧಾನಕ್ಕೆ ಹಿಂದೆ ಸರೀಬೇಕು. ಶರತ್ಕಾಲದಲ್ಲಿ ಅದು ಹೊಟ್ಟೆ ತುಂಬಿಸಿಕೊಳ್ಳೋಕೆ ಓಡಾಡ್ತಾ ಇರುತ್ತೆ, ಬೆಳಗಿನ ಜಾವ ಮತ್ತು ಮುಸ್ಸಂಜೆ ಕಾಡುದಾರಿ ಬೇಡ. ನವೆಂಬರ್ ಮೊದಲ ವಾರ ಸೂರ್ಯ ಮುಳುಗೋದು ಐದಕ್ಕೆ ಮುಂಚೆ, ಕಣಿವೆಯಲ್ಲಿ ಬಿಸಿಲು ಅದಕ್ಕೂ ಬಹಳ ಮೊದಲೇ ಹೋಗಿರುತ್ತೆ. ಮಧ್ಯಾಹ್ನ 12ರೊಳಗೆ ಹೊರಟಿರಬೇಕು.

ಹಳೇಮನೆ
ಮಾಗೊಮೆ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಹಳೇ ಊರು ಅಂತ ಹೋಗಬೇಡಿ. 1895ರಲ್ಲಿ ಒಂದು ಸಲ, 1915ರಲ್ಲಿ ಇನ್ನೊಂದು ಸಲ ಬೆಂಕಿ ಬಿದ್ದು ಊರೇ ಸುಟ್ಟುಹೋಯ್ತು. ಉಳಿದದ್ದು ಹಾಸುಗಲ್ಲಿನ ಬೀದಿ ಮತ್ತು ‘ಮಸುಗಾತಾ’, ಅಂದರೆ ಶತ್ರು ಒಂದೇ ಓಟಕ್ಕೆ ನುಗ್ಗದ ಹಾಗೆ ದಾರಿಯನ್ನ ಎರಡು ಸಲ ಲಂಬವಾಗಿ ತಿರುಗಿಸಿರೋ ಜಾಗ. ಈಗ ಕಾಣೋ ಮನೆಗಳು ಆಮೇಲಿನವು.

ತ್ಸುಮಾಗೊ ಬೇರೆಯೇ ಕಥೆ. ರೈಲು, ಹೆದ್ದಾರಿ ಎರಡೂ ಊರನ್ನ ಬಿಟ್ಟು ಬೇರೆ ಕಡೆ ಹೋದ್ದರಿಂದ ಊರು ಬಡವಾಯ್ತು, ಕೆಡವಿ ಕಟ್ಟೋಕೆ ಯಾರ ಹತ್ತಿರವೂ ದುಡ್ಡಿರಲಿಲ್ಲ, ಹಾಗಾಗಿ ಮನೆಗಳು ಉಳಿದವು. 1968ರಿಂದ ದುರಸ್ತಿ ಶುರುವಾಯ್ತು. 1971ರಲ್ಲಿ ಊರವರು ಸೇರಿ ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು ಅಂತ ಮೂರು ಕಟ್ಟಳೆ ಮಾಡ್ಕೊಂಡರು. 1976ರಲ್ಲಿ ಸರ್ಕಾರ ಇಡೀ ಬೀದಿಗಳನ್ನ ರಕ್ಷಿತ ಅಂತ ಘೋಷಿಸಿದಾಗ ಮೊದಲ ಪಟ್ಟಿಯಲ್ಲೇ ತ್ಸುಮಾಗೊ ಇತ್ತು. ಹಗಲು 10ರಿಂದ 4ರವರೆಗೆ ಬೀದಿಗೆ ವಾಹನ ಬಿಡಲ್ಲ.

ನಕ್ಷೆಗಾರ
ಇನ್ನೊಂದು ತಿದ್ದುಪಡಿ. ಮಾಗೊಮೆ ಈಗ ಕಿಸೊ ಜಿಲ್ಲೆಯಲ್ಲೂ ಇಲ್ಲ, ನಾಗಾನೊ ಪ್ರಾಂತ್ಯದಲ್ಲೂ ಇಲ್ಲ. 2005ರ ಫೆಬ್ರವರಿಯಲ್ಲಿ ಗಿಫು ಪ್ರಾಂತ್ಯದ ನಕತ್ಸುಗಾವಾಗೆ ಸೇರಿತು. ಉತ್ತರ ತುದಿಯ ನರಾಯ್ ಕೂಡ ಅದೇ ವರ್ಷ ಶಿಯೊಜಿರಿ ನಗರಕ್ಕೆ ಹೋಯ್ತು. ಈಗಿನ ಕಿಸೊ ಜಿಲ್ಲೆ ಅಂದರೆ ಮೂರು ಪಟ್ಟಣ, ಮೂರು ಹಳ್ಳಿ: ಕಿಸೊ, ಅಗೆಮತ್ಸು, ನಾಗಿಸೊ, ಕಿಸೊ ಗ್ರಾಮ, ಓತಾಕಿ, ಒಕುವಾ.

ಹಳೇಮನೆ
ಆಡಳಿತದ ಗೆರೆ ಏನೇ ಇರಲಿ, ಎದೊ (ಈಗಿನ ಟೋಕಿಯೊ) ಆಡಳಿತ ಕೇಂದ್ರವಾಗಿದ್ದ ಎದೊ ಕಾಲದ ನಕಾಸೆಂದೊ ಹೆದ್ದಾರಿಯಲ್ಲಿ ‘ಕಿಸೊಜಿ’ ಅಂದರೆ ನಿಏಕಾವಾದಿಂದ ಮಾಗೊಮೆವರೆಗಿನ 11 ತಂಗುಊರುಗಳು. ಮಾಗೊಮೆ, ನರಾಯ್ ಎರಡನ್ನೂ ಬಿಟ್ಟು ಕಿಸೊ ಅಂತ ಹೇಳೋಕಾಗಲ್ಲ.

ಮರಗೆಲಸ
ನೋಡ್ರಿ, ಎಲ್ಲಾರೂ ರಸ್ತೆ ಬಗ್ಗೆನ ಮಾತಾಡಾಕತ್ತೀರಿ. ಕಿಸೊ ಅಂದ್ರ ಮೊದಲ ಮರ, ಆಮ್ಯಾಲ ರಸ್ತೆ. ಅದೇನು ಇಚಿಕೊಕುತೊಚಿ ಚಹಾ ಮನಿ ಅಂದ್ರಲ್ಲ, ಅಲ್ಲೇ ಬಾಜೂಕ 1749ರಿಂದ 1869ರ ತನಕ ಮರದ ಚೌಕಿ ಇತ್ತು. ಹೋಗೋ ಬರೋರ ಗಂಟು ಬಿಚ್ಚಿಸಿ, ಹಿನೊಕಿ ಮರದ್ದು ಸಣ್ಣ ಸಾಮಾನಿದ್ರೂ ಪರವಾನಗಿ ಮುದ್ರಿ ಐತೇನು ಅಂತ ನೋಡತಿದ್ರು. ಜಲಪಾತದ ಫೋಟೊ ತಗೊಂಡು ಮುಂದ ಹೋಗೋ ಮಂದಿಗೆ ಆ ಫಲಕ ಕಾಣಂಗೇ ಇಲ್ಲ.

ಯಾಕ ಅಷ್ಟು ಬಿಗಿ ಅಂದ್ರ, 17ನೇ ಶತಮಾನದ ಸುರುವಿಗೆ ಕೋಟಿ, ಪ್ಯಾಟಿ ಕಟ್ಟಾಕಂತ ಈ ಗುಡ್ಡ ಬೋಳು ಮಾಡಿಬಿಟ್ಟಿದ್ರು. ಆಮ್ಯಾಲ ನಗೋಯಾದಿಂದ ಆಳತಿದ್ದ ಓವಾರಿ ಸಂಸ್ಥಾನದವ್ರು ಕಾಡು ಮುಚ್ಚಿದ್ರು. 1708ರಾಗ ಹಿನೊಕಿ, ಸವಾರಾ, ಅಸುನಾರೊ, ಕೋಯಾಮಾಕಿ ನಾಕು ಮರ ಕಡಿಯೂ ಹಂಗಿಲ್ಲ ಅಂದ್ರು, 1728ರಾಗ ನೆಜುಕೊ ಸೇರಿಸಿ ಐದು ಮಾಡಿದ್ರು. ‘ಒಂದು ಮರಕ್ಕ ಒಂದು ತಲಿ’ ಅನ್ನೂ ಮಾತು ಅಲ್ಲಿ ಇನ್ನೂ ಐತಿ, ಕಡದವನ ತಲಿ ಹೋಗತಿತ್ತು. ಇವತ್ತು ಅಗೆಮತ್ಸುದ ಅಕಾಸಾವಾ ಕಾಡಿನ್ಯಾಗ ಮುನ್ನೂರು ವರ್ಷದ ಮರ ಯಾಕ ನಿಂತಾವು ಅನ್ನೂದಕ್ಕ ಇದ ಉತ್ತರ.

ಮಂಜಿನಹನಿ
ಹಿನೊಕಿ ಅಂದರೆ ನಮ್ಮ ದೇವದಾರು ತಾನೇ?

ಮರಗೆಲಸ
ಅಲ್ರೀ ಅಕ್ಕಾರ. ದೇವದಾರು ಹಿಮಾಲಯದ್ದು, ಬ್ಯಾರೆ ಕುಲ. ಹಿನೊಕಿ ಸೈಪ್ರೆಸ್ ಜಾತಿ. ಕಿಸೊದಾಗ ಥಂಡಿ ಭಾಳ, ನೆಲದಾಗ ಸತ್ವ ಕಮ್ಮಿ, ಹಿಂಗಾಗಿ ಮರ ನಿಧಾನ ಬೆಳೀತೈತಿ. ಕೊಯ್ದ ತುಂಡು ಹತ್ತಿರ ಹಿಡದು ನೋಡ್ರಿ, ವರ್ಷದ ಉಂಗುರ ಕೂದಲೆಳಿ ಹಂಗ ಒಂದಕ್ಕೊಂದು ಅಂಟಿಕೊಂಡಿರತಾವು. ಅದಕ್ಕ ಸೀಳಂಗಿಲ್ಲ, ಸೊಟ್ಟ ಆಗಂಗಿಲ್ಲ.

ಐದೂ ಮರಕ್ಕ ಐದು ಕೆಲಸ ಐತಿ. ಅನ್ನದ ಮರಿಗಿ ಮಾಡೂದು ಸವಾರಾದಾಗ, ಹಿನೊಕಿದಾಗ ಅಲ್ಲ. ಹಿನೊಕಿ ವಾಸನಿ ಜೋರು, ಅನ್ನಕ್ಕ ಹತ್ತತೈತಿ. ಸವಾರಾ ನೀರು ತಡೀತೈತಿ, ವಾಸನಿ ಕಮ್ಮಿ. ಕೋಯಾಮಾಕಿ ಜಳಕದ ತೊಟ್ಟಿಗೆ, ನೆಜುಕೊ ಚಪ್ಪಲಿಗೆ, ಬಾಗಿಲ ಕೆಲಸಕ್ಕ.

ದೂರದಾರಿ
ಅಕಾಸಾವಾ ನವೆಂಬರ್‌ನಲ್ಲಿ ಸಿಗುತ್ತಾ? ಅಲ್ಲಿ ಪುಟ್ಟ ರೈಲು ಇದೆ ಅಂತ ಕೇಳಿದ್ದೆ.

ರೈಲುಪ್ರಿಯ
ಅಂಚಿನಲ್ಲಿದ್ದೀರಿ. ಕಾಡಿನ ರೈಲು ಏಪ್ರಿಲ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ. ಅಗೆಮತ್ಸು ನಿಲ್ದಾಣದಿಂದ ಬಸ್ಸು ಅರ್ಧ ಗಂಟೆ, ಅದೂ ಎಲ್ಲ ದಿನ ಓಡಲ್ಲ. ನಿಮ್ಮ ತಾರೀಕಿಗೆ ಎರಡೂ ಇದೆಯಾ ಅಂತ ಮೊದಲು ಖಾತ್ರಿ ಮಾಡಿಕೊಂಡು ಉಳಿದದ್ದನ್ನ ಅದರ ಸುತ್ತ ಹೊಂದಿಸಿ. ಬಸ್ಸಿಲ್ಲದಿದ್ದರೆ ಟ್ಯಾಕ್ಸಿ. ನಾಲ್ಕು ಜನ ಹಂಚಿಕೊಂಡರೆ ಹೊರೆಯಾಗಲ್ಲ, ಆದರೆ ವಾಪಸ್ ಬರೋ ಹೊತ್ತನ್ನೂ ಹೋಗುವಾಗಲೇ ಹೇಳಿಟ್ಟಿರಬೇಕು.

ರೈಲು ಹೋಗಿಬರೋದು ಒಟ್ಟು 2.2 ಕಿಲೋಮೀಟರ್, ಹಳಿ ಅಗಲ 762 ಮಿಲಿಮೀಟರ್. ಆಟದ ರೈಲಲ್ಲ ಅದು. ಮೊದಲು ಕಡಿದ ದಿಮ್ಮಿಗಳನ್ನ ಕಿಸೊ ನದಿಗೆ ಬಿಟ್ಟು ತೇಲಿಸಿಕೊಂಡು ಹೋಗಿ, ಕೆಳಗೆ ಹಗ್ಗ ಕಟ್ಟಿ ತಡೆದು, ತೆಪ್ಪ ಮಾಡಿ ನಗೋಯಾದ ಅತ್ಸುತಾಗೆ ಸಾಗಿಸ್ತಿದ್ದರು. 20ನೇ ಶತಮಾನದಲ್ಲಿ ನದಿಗೆ ವಿದ್ಯುತ್ ಅಣೆಕಟ್ಟು ಬಂದ ಮೇಲೆ ದಿಮ್ಮಿ ತೇಲಿಸೋ ದಾರಿ ಮುಚ್ಚಿತು, ಕಾಡಿನ ರೈಲು ಆ ಕೆಲಸ ಹಿಡೀತು. ಲಾರಿ ಬಂದ ಮೇಲೆ ರೈಲೂ ಹೋಯ್ತು, ಕೊನೆಯ ಸಾಲು 1975ರಲ್ಲಿ ನಿಂತಿತು. ಅಕಾಸಾವಾದ ತುಂಡು 1987ರಲ್ಲಿ ಪ್ರವಾಸಿಗರಿಗಾಗಿ ಮತ್ತೆ ಶುರುವಾಯ್ತು.

ಚಾರಣಿಗ
‘ಶಿನ್‌ರಿನ್-ಯೊಕು’, ಕಾಡಿನ ಸ್ನಾನ ಅನ್ನೋ ಮಾತನ್ನ 1982ರಲ್ಲಿ ಜಪಾನಿನ ಅರಣ್ಯ ಇಲಾಖೆ ಹುಟ್ಟುಹಾಕಿದಾಗ ಮೊದಲ ದೊಡ್ಡ ಕಾರ್ಯಕ್ರಮ ನಡೆದದ್ದು ಇದೇ ಅಕಾಸಾವಾದಲ್ಲಿ. ಹೊಳೆ ಪಕ್ಕದ ದಾರಿ ಸಮತಟ್ಟು, ಹಿರಿಯರಿಗೆ ಹೇಳಿ ಮಾಡಿಸಿದ ಹಾಗಿದೆ. ಸುಮಾರು ಸಾವಿರ ಮೀಟರ್ ಎತ್ತರ, ಸ್ವೆಟರ್ ಸಾಲಲ್ಲ, ಗಾಳಿ ತಡೆಯೋ ಜಾಕೆಟ್ ಬೇಕು.

ಮರಗೆಲಸ
ಇಸೆ ದೇವಸ್ಥಾನ 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟತಾರಲ್ಲ, ಆ ಮರ ಹೋಗೂದು ಇಲ್ಲಿಂದ. ಹಿಂದಿನ ಸಲ 2013, ಮುಂದಿಂದು 2033. ಅದಕ್ಕ ಮೊದಲ ಮರ ಕಡಿಯೂ ಶಾಸ್ತ್ರ 2025ರ ಜೂನಿನ್ಯಾಗ ಅಗೆಮತ್ಸು ಕಾಡಿನ್ಯಾಗ ಆತು. ಗರಗಸ ಮುಟ್ಟಸಂಗಿಲ್ಲ. ಕೊಡ್ಲಿಲೆ ಮೂರು ಕಡಿಂದ ಕೆತ್ತಿ ಒಳಗ ಟೊಳ್ಳು ಮಾಡತಾರ, ಮರ ಮೂರ ಕಾಲಿನ ಮ್ಯಾಲ ನಿಂತಂಗ ಆಗತೈತಿ. ಕಡೀಕ ಒಂದು ಕಾಲು ಕಡದ್ರ ಎತ್ತ ಬೀಳಬೇಕೋ ಅತ್ತನ ಬೀಳತೈತಿ. ಒಳಗ ಟೊಳ್ಳು ಇರೂದಕ್ಕ ಬೀಳುವಾಗ ತಿರುಳು ಸೀಳಂಗಿಲ್ಲ.

ಅಡುಗೆಮನೆ
ಸಸ್ಯಾಹಾರದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳ್ತೀನಿ. ಅಲ್ಲಿ ತೊಂದರೆ ಮಾಂಸದಲ್ಲ, ದಾಶಿಯದು. ಒಣಗಿಸಿದ ಮೀನಿನ ಸಾರು ಅದು. ಸೋಬಾ ಅನ್ನೋ ಶಾವಿಗೆಯ ಸಾರಲ್ಲಿ, ಬೇಯಿಸಿದ ಕುಂಬಳಕಾಯಿಯಲ್ಲಿ, ಮಿಸೊ ಸಾರಲ್ಲಿ, ಟೆಂಪುರಾ ಅದ್ದೋ ರಸದಲ್ಲಿ, ಎಲ್ಲದರಲ್ಲೂ ಇರುತ್ತೆ. ‘ಮಾಂಸ ತಿನ್ನಲ್ಲ’ ಅಂದರೆ ಅವರು ಪ್ರಾಮಾಣಿಕವಾಗಿ ಮೀನಿನ ಸಾರು ಕೊಡ್ತಾರೆ. ಅವರ ಲೆಕ್ಕದಲ್ಲಿ ಅದು ರುಚಿ, ಆಹಾರ ಅಲ್ಲ.

ಹೀಗೆ ಹೇಳಿ: ‘ನಿಕು, ಸಕಾನಾ, ತಮಾಗೊ, ಕತ್ಸುಒ ದಾಶಿ ವಾ ತಾಬೆಮಾಸೆನ್.’ ಮಾಂಸ, ಮೀನು, ಮೊಟ್ಟೆ, ಮೀನಿನ ಸಾರು ತಿನ್ನಲ್ಲ ಅಂತ. ಇದನ್ನೇ ಜಪಾನಿ ಲಿಪಿಯಲ್ಲಿ ಚೀಟಿಯಲ್ಲಿ ಬರೆಸಿಟ್ಟುಕೊಂಡರೆ ಇನ್ನೂ ವಾಸಿ.

ತಿನ್ನಬಹುದಾದದ್ದು: ತಣ್ಣಗಿನ ಜಾರು ಸೋಬಾ ತಗೊಂಡು ಅದರ ರಸ ಬಿಟ್ಟು ಬರೀ ಸೋಯಾ ಸಾಸ್ ಅಥವಾ ಉಪ್ಪಿನ ಜೊತೆ. ಗೋಹೇ-ಮೋಚಿ, ಅಂದರೆ ಅನ್ನ ಅರೆದು ಕಡ್ಡಿಗೆ ಮೆತ್ತಿ ಕೆಂಡದಲ್ಲಿ ಸುಟ್ಟು, ಆಕ್ರೋಟು, ಎಳ್ಳು, ಸೋಯಾ, ಸಕ್ಕರೆ ಅರೆದ ಗೊಜ್ಜು ಸವರಿದ್ದು. ಅದಕ್ಕೆ ಸಾಮಾನ್ಯವಾಗಿ ದಾಶಿ ಹಾಕಲ್ಲ, ಆದರೂ ಒಂದು ಮಾತು ಕೇಳಿ. ನಕತ್ಸುಗಾವಾ ಕಡೆಯ ಕುರಿ-ಕಿಂತೋನ್ ಬರೀ ಚೆಸ್ಟ್‌ನಟ್ ಮತ್ತು ಸಕ್ಕರೆ, ಶರತ್ಕಾಲದ ಸಿಹಿ, ಕಣ್ಣು ಮುಚ್ಚಿ ತಿನ್ನಿ.

ಸುಂಕಿ ಬಿಡಬೇಡಿ. ಕಿಸೊದ ಕೆಂಪು ಟರ್ನಿಪ್ ಸೊಪ್ಪನ್ನ ಬಿಸಿನೀರಲ್ಲಿ ಅದ್ದಿ, ಹಿಂದಿನ ವರ್ಷದ ಸುಂಕಿಯನ್ನ ಹೆಪ್ಪಿನ ಹಾಗೆ ನಡುನಡುವೆ ಹಾಕಿ ಹುಳಿ ಬರಿಸ್ತಾರೆ. ಒಂದು ಹರಳು ಉಪ್ಪೂ ಇಲ್ಲ. ಬೆಟ್ಟದ ಊರಿಗೆ ಉಪ್ಪು ದುಬಾರಿ ಇದ್ದ ಕಾಲದ ಉಪ್ಪಿನಕಾಯಿ ಅದು. ಹೊಸದು ಬರೋದು ನವೆಂಬರ್ ಕೊನೆ, ಡಿಸೆಂಬರ್‌ಗೆ. ಎಚ್ಚರ ಏನಂದರೆ, ಬಡಿಸುವಾಗ ಮೇಲೆ ಮೀನಿನ ಚೂರು ಉದುರಿಸೋ ರೂಢಿ ಇದೆ, ಮೊದಲೇ ಬೇಡ ಅನ್ನಿ.

ದೂರದಾರಿ
ಅಡುಗೆಮನೆ ಅವರೇ, ವಸತಿಗೃಹದ ರಾತ್ರಿ ಊಟಕ್ಕೆ ಏನು ಮಾಡೋದು?

ಅಡುಗೆಮನೆ
ಕಾಯ್ದಿರಿಸುವಾಗಲೇ ಬರೆದು ಕೇಳಿ. ಆಗಲ್ಲ ಅಂತ ಹೇಳೋ ಮನೆಗಳೂ ಇವೆ, ಅದು ಅಸಡ್ಡೆಯಲ್ಲ. ಎಲ್ಲರಿಗೂ ಒಂದೇ ಅಡುಗೆ ಮಾಡೋ ಸಣ್ಣ ಮನೆಗಳು ಅವು. ಹೋದ ಮೇಲೆ ಹೇಳಿದರೆ ಅನ್ನ, ಉಪ್ಪಿನಕಾಯಿ ಬಿಟ್ಟು ಏನೂ ಉಳಿಯಲ್ಲ. ಊಟ ಆರಕ್ಕೆ ಅಂದರೆ ಆರಕ್ಕೇ. ತ್ಸುಮಾಗೊದಲ್ಲಿ ಸಂಜೆ ಐದರ ಮೇಲೆ ಅಂಗಡಿ ತೆಗೆದಿರಲ್ಲ, ಊಟ ಇಲ್ಲದ ಕೋಣೆ ತಗೊಂಡರೆ ಉಪವಾಸವೇ. ಕಿಸೊ-ಫುಕುಶಿಮಾದಲ್ಲಾದರೆ ಅಂಗಡಿಗಳಿವೆ, ತೋಫು, ಹಣ್ಣು, ಅನ್ನ ತಂದು ಸುಧಾರಿಸಬಹುದು.

ರೈಲುಪ್ರಿಯ
ಹಾಗಾದರೆ ಮೊದಲ ರಾತ್ರಿ ತ್ಸುಮಾಗೊ, ಆಮೇಲೆ ಎರಡು ರಾತ್ರಿ ಕಿಸೊ-ಫುಕುಶಿಮಾ. ಎಕ್ಸ್‌ಪ್ರೆಸ್ ನಿಲ್ಲೋ ಊರು, ಉತ್ತರಕ್ಕೂ ದಕ್ಷಿಣಕ್ಕೂ ಅನುಕೂಲ.

ಹಳೇಮನೆ
ಒಪ್ಪಿದೆ. ತ್ಸುಮಾಗೊದಲ್ಲಿ ರಾತ್ರಿ ಉಳಿದರೇನೇ ಚೆಂದ. ನಾಲ್ಕರ ಬಸ್ಸಿಗೆ ಜನ ಖಾಲಿಯಾದ ಮೇಲೆ ಬೀದಿ ನಿಮ್ಮದು.

ಅಲ್ಲಿ ಒಕುಯಾ ಅನ್ನೋ ವಾಕಿ-ಹೊಂಜಿನ್ ಮನೆ ಒಳಗೆ ಹೋಗಲೇಬೇಕು. ಪ್ರಭುಗಳ ಪರಿವಾರ ತಂಗುತ್ತಿದ್ದ ಎರಡನೇ ದರ್ಜೆಯ ವಸತಿ. ಈಗಿನ ಕಟ್ಟಡ 1877ರದ್ದು, ಪೂರ್ತಿ ಹಿನೊಕಿ. ಮರಗೆಲಸ ಅವರು ಹೇಳಿದ ನಿಷೇಧ ತೆಗೆದ ಮೇಲೆ ಕಟ್ಟಿದ್ದರಿಂದಲೇ ಜನಸಾಮಾನ್ಯರ ಮನೆಗೆ ಆ ಮರ ಸಿಕ್ಕಿದ್ದು. ನಡುಮನೆಯ ನೆಲದಲ್ಲಿ ಅಗ್ಗಿಷ್ಟಿಕೆ ಇದೆ, ದಿನಾ ಸೌದೆ ಹಚ್ಚುತ್ತಾರೆ. ಹೊಗೆಗೆ ತೊಲೆಗಳು ಕಪ್ಪಗೆ ಹೊಳೀತಾವೆ, ಹುಳು ಹಿಡಿಯಲ್ಲ. ಶರತ್ಕಾಲದ ಕೊನೆಯಿಂದ ಸೂರ್ಯ ಕೆಳಗಿಳಿದಾಗ ಜಾಲರಿಯ ಎತ್ತರದ ಕಿಟಕಿಯಿಂದ ಬೆಳಕು ಆ ಹೊಗೆಯೊಳಗೆ ಓರೆಯಾಗಿ ಪಟ್ಟಿಪಟ್ಟಿ ಬೀಳುತ್ತೆ. ಮೋಡ ಇಲ್ಲದ ದಿನ ಹೋಗಿ.

ನಕ್ಷೆಗಾರ
ಎರಡನೇ ದಿನಕ್ಕೆ: ತ್ಸುಮಾಗೊಯಿಂದ ನಾಗಿಸೊ ನಿಲ್ದಾಣ ಬಸ್ಸಲ್ಲಿ 10 ನಿಮಿಷ, ನಡೆದರೆ ಒಂದು ಗಂಟೆ. ನಿಲ್ದಾಣದ ಹತ್ತಿರವೇ ಮೊಮೊಸುಕೆ ಸೇತುವೆ, 1922ರ ಮರದ ತೂಗುಸೇತುವೆ, ಉದ್ದ 247 ಮೀಟರ್. ವಿದ್ಯುತ್ ಉದ್ಯಮಿ ಫುಕುಜಾವಾ ಮೊಮೊಸುಕೆ ಯೊಮಿಕಾಕಿ ವಿದ್ಯುದಾಗಾರಕ್ಕೆ ಸಾಮಾನು ಸಾಗಿಸೋಕೆ ಕಟ್ಟಿಸಿದ್ದು, ಮೇಲೆ ಟ್ರಾಲಿ ಹಳಿ ಹೋಗ್ತಿತ್ತು. ಹಳೇದಾಗಿ ಬೀಳೋ ಹಂತಕ್ಕೆ ಬಂದಿದ್ದನ್ನ 1993ರಲ್ಲಿ ದುರಸ್ತಿ ಮಾಡಿದರು. ನಡು ಕಂಬದಿಂದ ನದಿ ದಡಕ್ಕೆ ಇಳಿಯೋ ಮೆಟ್ಟಿಲಿದೆ.

ಅಲ್ಲಿಂದ ಲೋಕಲ್‌ನಲ್ಲಿ ಅರ್ಧ ಗಂಟೆಗೆ ಅಗೆಮತ್ಸು, ನಿಲ್ದಾಣದಿಂದ ಅರ್ಧ ಗಂಟೆ ನಡಿಗೆಗೆ ನೆಜಾಮೆ-ನೊ-ತೊಕೊ. ನದಿ ಕೊರೆದ ಬಿಳಿ ಗ್ರಾನೈಟ್ ಬಂಡೆಗಳು, ಇಟ್ಟಿಗೆ ಜೋಡಿಸಿದಂತೆ ಚೌಕಾಕಾರ. ಕಲ್ಲು ತಣ್ಣಗಾಗಿ ಬಿರುಕು ಬಿಟ್ಟ ಗೆರೆಗಳ ಗುಂಟವೇ ನೀರು ಕೊರೆದಿದ್ದರಿಂದ ಆ ಆಕಾರ. ಸಮುದ್ರದಡಿಯ ಅರಮನೆಯಿಂದ ವಾಪಸ್ ಬಂದ ಉರಾಶಿಮಾ ತಾರೊ ಇಲ್ಲೇ ಪೆಟ್ಟಿಗೆ ತೆರೆದು ಮುದುಕನಾದ ಅನ್ನೋದು ಸ್ಥಳದ ಕಥೆ, ಬಂಡೆ ಮೇಲೆ ಅವನ ಪುಟ್ಟ ಗುಡಿಯಿದೆ. ಗುಡಿವರೆಗೆ ಹೋಗೋಕೆ ಬಂಡೆ ಹತ್ತಿ ಇಳೀಬೇಕು, ಹಿಡ್ಕೊಳ್ಳೋಕೆ ಕಂಬಿಯಿಲ್ಲ. ಹಿರಿಯರು ಮೇಲಿನ ರಿನ್‌ಸೆನ್‌ಜಿ ದೇವಾಲಯದಿಂದ ನೋಡಿದರೆ ಸಾಕು. ಮಳೆ ಬಂದಿದ್ದರೆ ಯಾರೂ ಇಳೀಬೇಡಿ.

ರೈಲುಪ್ರಿಯ
ನಗೋಯಾ ಕಡೆಯಿಂದ ಹೋಗುವಾಗ ಎಡಗಡೆ ಕಿಟಕಿ ಹಿಡಿದರೆ ನೆಜಾಮೆ ರೈಲಿಂದಲೂ ಕಾಣುತ್ತೆ. ಕಣ್ಣು ಮಿಟುಕಿಸೋದರಲ್ಲಿ ಹೋಗಿಬಿಡುತ್ತೆ.

ಮಂಜಿನಹನಿ
ಒಂತಾಕೆ ಬೆಟ್ಟ ಯಾರೂ ಹೇಳಲಿಲ್ಲವಲ್ಲ.

ಚಾರಣಿಗ
3067 ಮೀಟರ್, ಜೀವಂತ ಜ್ವಾಲಾಮುಖಿ. 2014ರ ಸೆಪ್ಟೆಂಬರ್ 27, ಶನಿವಾರ ಮಧ್ಯಾಹ್ನ, ಎಲೆ ಕೆಂಪಾಗೋ ಹೊತ್ತು, ಶಿಖರದ ಮೇಲೆ ಜನ ಊಟಕ್ಕೆ ಕೂತಿದ್ದಾಗ ಸಿಡಿಯಿತು. 58 ಜನ ಸತ್ತರು, ಐವರು ಸಿಗಲೇ ಇಲ್ಲ. ಲಾವಾ ಬಂದದ್ದಲ್ಲ, ಒಳಗಿನ ನೀರು ಹಬೆಯಾಗಿ ಸ್ಫೋಟಿಸಿ ಕಲ್ಲು ಎರಚಿದ್ದು. ಅಂಥದ್ದಕ್ಕೆ ಮುನ್ಸೂಚನೆ ಬಹಳ ಕಮ್ಮಿ. ನವೆಂಬರ್‌ನಲ್ಲಿ ಹಿಮವೂ ಶುರುವಾಗಿರುತ್ತೆ, ಹಿರಿಯರ ಜೊತೆ ಶಿಖರದ ಮಾತೇ ಬೇಡ.

ದೂರದಿಂದ ನೋಡೋಕೆ ಕಾಯಿದಾ ಪ್ರಸ್ಥಭೂಮಿ. ಗಿಡ್ಡ ಕಾಲಿನ ಕಿಸೊ ಕುದುರೆಗಳೂ ಅಲ್ಲೇ.

ಹಳೇಮನೆ
ಒಂತಾಕೆ ಬರೀ ಚಾರಣದ ಬೆಟ್ಟ ಅಲ್ಲ, ದೇವರು. ಮೊದಲು 75 ಅಥವಾ 100 ದಿನ ವ್ರತ ಹಿಡಿದವರಿಗೆ ಮಾತ್ರ ಹತ್ತೋಕೆ ಬಿಡ್ತಿದ್ದರು. 1785ರಲ್ಲಿ ಕಾಕುಮೇ, 1792ರಲ್ಲಿ ಫುಕಾನ್ ಅನ್ನೋ ಇಬ್ಬರು ಸಾಧಕರು ಎರಡು ಕಡೆಯಿಂದ ಸಾಮಾನ್ಯರಿಗೆ ದಾರಿ ತೆರೆದರು. ಬುಡದ ದಾರಿ ಬದಿಯಲ್ಲಿ ಸಾವಿರಾರು ಕಲ್ಲು ನಿಂತಿವೆ, ಸತ್ತ ಭಕ್ತರ ಆತ್ಮ ಬೆಟ್ಟಕ್ಕೆ ವಾಪಸ್ ಬರುತ್ತೆ ಅನ್ನೋ ನಂಬಿಕೆಗೆ. ಫೋಟೊಗೆ ಅದರ ಮೇಲೆ ಕೂರಬೇಡಿ.

ನಕ್ಷೆಗಾರ
ಓತಾಕಿಯಲ್ಲಿ ‘ಶಿಜೆನ್ಕೊ’ ಅನ್ನೋ ಸರೋವರ ಇದೆ. 1984ರ ಸೆಪ್ಟೆಂಬರ್ 14ರ ಭೂಕಂಪಕ್ಕೆ ಒಂತಾಕೆಯ ಒಂದು ಮಗ್ಗುಲೇ ಕುಸಿದು ನದಿಗೆ ಅಡ್ಡ ಬಿದ್ದು ಆದದ್ದು. 29 ಜನ ಹೋದರು. ನೀರೊಳಗೆ ಸತ್ತ ಮರಗಳು ಇನ್ನೂ ನಿಂತಿವೆ. ಕಾರಿಲ್ಲದವರಿಗೆ ಒಂದು ದಿನ ಪೂರ್ತಿ ಹೋಗುತ್ತೆ, ಈ ಸಲಕ್ಕೆ ಬಿಡಿ.

ದೂರದಾರಿ
ಮೂರನೇ ದಿನ ಅಕಾಸಾವಾ ಅಂತಾಯ್ತು. ಬಸ್ಸು ಇಲ್ಲದಿದ್ದರೆ ಫುಕುಶಿಮಾದಲ್ಲೇ ಏನಿದೆ?

ಹಳೇಮನೆ
ಒಂದು ದಿನಕ್ಕೆ ಧಾರಾಳ. ಎದೊ ಕಾಲದ ನಾಲ್ಕು ದೊಡ್ಡ ತಪಾಸಣಾ ದ್ವಾರಗಳಲ್ಲಿ ಒಂದು ಇಲ್ಲಿತ್ತು. ಎದೊಗೆ ಹೋಗೋ ಬಂದೂಕು, ಎದೊಯಿಂದ ಹೊರಡೋ ಹೆಂಗಸರು, ಇವೆರಡನ್ನೂ ಹಿಡಿಯೋದೇ ಮುಖ್ಯ ಕೆಲಸ. ಪ್ರಭುಗಳ ಹೆಂಡತಿ ಮಕ್ಕಳು ರಾಜಧಾನಿಯಲ್ಲಿ ಒತ್ತೆಯಾಗಿದ್ದರು, ಅವರು ಜಾರಿಕೊಂಡರೆ ದಂಗೆ ಅಂತಲೇ ಅರ್ಥ. ಆಮೇಲೆ ಕೋಜೆನ್‌ಜಿ: 1184ರಲ್ಲಿ ಸತ್ತ ಯೋಧ ಕಿಸೊ ಯೊಶಿನಾಕಾನ ಸಮಾಧಿ ಇರೋ ದೇವಾಲಯ, 1963ರಲ್ಲಿ ತೋಟ ವಿನ್ಯಾಸಕ ಶಿಗೆಮೊರಿ ಮಿರೇ ಮಾಡಿದ ದೊಡ್ಡ ಬಿಳಿ ಮರಳಿನ ತೋಟ. ನದಿ ಮೇಲೆ ಕಂಬ ಕೊಟ್ಟು ಮುಂದಕ್ಕೆ ಚಾಚಿದ ಮನೆಗಳ ಸಾಲನ್ನ ಎದುರು ದಡದಿಂದ ನೋಡಿ, ಬೀದಿಯಿಂದ ನೋಡಿದರೆ ಏನೂ ಗೊತ್ತಾಗಲ್ಲ.

ಚಾರಣಿಗ
ನಾಲ್ಕನೇ ದಿನ ನರಾಯ್. ಯಾಬುಹಾರಾದಿಂದ ತೊರೀ ಘಟ್ಟ ಹತ್ತಿ ನರಾಯ್‌ಗೆ ಇಳಿಯೋ ಸುಮಾರು 6 ಕಿಲೋಮೀಟರ್ ದಾರಿ ಮಾಗೊಮೆಗಿಂತ ಕಡಿದು, ತುದಿ 1197 ಮೀಟರ್. ಹಿರಿಯರು ರೈಲಲ್ಲಿ ಸುರಂಗ ದಾಟಲಿ, ಉಳಿದ ಇಬ್ಬರು ನಡೀರಿ. ಘಟ್ಟದ ಒಂದು ಕಡೆ ಬಿದ್ದ ಮಳೆ ಕಿಸೊ ನದಿ ಸೇರಿ ಪೆಸಿಫಿಕ್‌ಗೆ, ಇನ್ನೊಂದು ಕಡೆಯದು ನರಾಯ್ ನದಿ ಸೇರಿ ಜಪಾನ್ ಸಮುದ್ರಕ್ಕೆ.

ಮರಗೆಲಸ
ಯಾಬುಹಾರಾದಾಗ ಒರೊಕು ಹಣಿಗಿ ನೋಡ್ರಿ. ಗಟ್ಟಿ ಮಿನೆಬಾರಿ ಮರದ್ದು, 10 ಸೆಂಟಿಮೀಟರ್ ಅಗಲದಾಗ ನೂರರಷ್ಟು ಹಲ್ಲು. ನರಾಯ್‌ದಾಗ ನಿಲ್ದಾಣದ ಬಾಜೂಕ ಹಿನೊಕಿ ಕಮಾನು ಸೇತುವೆ ಐತಿ, ನಡುವ ಒಂದೂ ಕಂಬ ಇಲ್ಲ. ತೆಳಗ ನಿಂತು ಜೋಡಣಿ ನೋಡ್ರಿ, ಮ್ಯಾಲ ನಡದ್ರ ಏನೂ ತಿಳಿಯಂಗಿಲ್ಲ.

ದೂರದಾರಿ
ಎಲ್ಲರಿಗೂ ದೊಡ್ಡ ನಮಸ್ಕಾರ. ಮಾಗೊಮೆ ಘಟ್ಟದವರೆಗೆ ಬಸ್ಸು, ಅಲ್ಲಿಂದ ಇಳಿಜಾರು, ತ್ಸುಮಾಗೊ ಒಂದು ರಾತ್ರಿ, ಫುಕುಶಿಮಾ ಎರಡು ರಾತ್ರಿ, ಕೊನೇ ದಿನ ನರಾಯ್ ನೋಡಿ ಶಿಯೊಜಿರಿಯಿಂದ ಶಿನಾನೊ ಹಿಡಿದು ನಗೋಯಾಗೆ.

ನಕ್ಷೆಗಾರ
ಬೆಂಗಳೂರಿಗೆ ವಾಪಸ್ ಟೋಕಿಯೊ ಹತ್ತಿರದ ನರಿತಾದಿಂದ ನೇರ ವಿಮಾನದಲ್ಲಾದರೆ ನಗೋಯಾಗೆ ಹೋಗೋದೇ ಬೇಡ. ಶಿಯೊಜಿರಿಯಿಂದ ಅಜುಸಾ ಎಕ್ಸ್‌ಪ್ರೆಸ್ ಹಿಡಿದರೆ ಎರಡೂವರೆ ಗಂಟೆಗೆ ಟೋಕಿಯೊದ ಶಿಂಜುಕು. ಅಜುಸಾದಲ್ಲಿ ಎಲ್ಲ ಸೀಟೂ ಮುಂಗಡವೇ, ಹತ್ತೋ ಮೊದಲು ಸೀಟು ಮಾಡಿಸಿ.

ಹಳೇಮನೆ
ನವೆಂಬರ್ 3 ಅಲ್ಲಿ ಸರ್ಕಾರಿ ರಜೆ. ಆ ದಿನದ ಹಿಂದುಮುಂದು ತ್ಸುಮಾಗೊ ಕೋಣೆ ಬೇಗ ತುಂಬುತ್ತೆ, ಮೊದಲು ಅದನ್ನ ಕಾಯ್ದಿರಿಸಿ. ತಾರೀಕು ಹಿಂದೆಮುಂದೆ ಮಾಡೋಕೆ ಆಗೋದಾದರೆ 23ಕ್ಕೆ ಎದೊ ಕಾಲದ ವೇಷದ ಮೆರವಣಿಗೆ ಇರುತ್ತೆ.

ರೈಲುಪ್ರಿಯ
ಆದರೆ 23ಕ್ಕೆ ಅಕಾಸಾವಾ ರೈಲು ಇರಲ್ಲ.

ದೂರದಾರಿ
ಮೊದಲ ವಾರವೇ ಇರಲಿ. ಮನೆಯಲ್ಲಿ ಮರದ ಕಡೆಗೇ ಒಲವು ಜಾಸ್ತಿ.